ಕಣ್ಣಿಗೆ ಕಾಣುವ ರೋಗ, ಕಣ್ಣಿಗೆ ಕಾಣದ ಸಾಕ್ಷಿ

1845ರ ನವೆಂಬರ್ 1ರಂದು ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯ ವೈದ್ಯ ಹೆನ್ರಿ ಬೆನ್ಸ್ ಜೋನ್ಸ್ ಅವರ ಕೈಗೆ ಒಂದು ಗಾಜಿನ ನಳಿಕೆ ಬಂದು ಸೇರಿತು. ಅದರಲ್ಲಿದ್ದುದು ಒಬ್ಬ ದಿನಸಿ ವ್ಯಾಪಾರಿಯ ಮೂತ್ರ. ಆತನಿಗೆ ಚಿಕಿತ್ಸೆ ನೀಡುತ್ತಿದ್ದ ವೈದ್ಯರು ಜೊತೆಗಿದ್ದ ಚೀಟಿಯಲ್ಲಿ ತಮಗೆ ಅರ್ಥವಾಗದ ಸಂಗತಿಯೊಂದನ್ನು ಬರೆದಿದ್ದರು. ಕಾಯಿಸಿದರೆ ಅದು ತುಸು ಮಬ್ಬಾಗುತ್ತದೆ. ನೈಟ್ರಿಕ್ ಆಮ್ಲ ಬೆರೆಸಿದರೆ ತಿಳಿಯಾಗುತ್ತದೆ. ತಣಿದಾಗ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಮತ್ತೆ ಕಾಯಿಸಿದರೆ ಕರಗಿ ನೀರಾಗುತ್ತದೆ. ಇದು ಏನಿರಬಹುದು ಎಂಬುದು ಅವರ ಪ್ರಶ್ನೆ.

ಮೊಟ್ಟೆಯ ಬಿಳಿ ಬೆಂದರೆ ಗಟ್ಟಿಯಾಗುವುದು ಅಡುಗೆ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಒಮ್ಮೆ ಬೆಂದದ್ದು ಮತ್ತೆ ನೀರಾಗದು. ಈ ಪ್ರೋಟೀನು ಮಾತ್ರ ಲೋಕದ ರೀತಿಗೆ ವಿರುದ್ಧವಾಗಿ ನಡೆದುಕೊಳ್ಳುತ್ತಿತ್ತು. 1846ರ ಹೊಸ ವರ್ಷದ ದಿನವೇ ಆ ವ್ಯಾಪಾರಿ ತೀರಿಕೊಂಡ. ಶವಪರೀಕ್ಷೆ ನಡೆಸಿದಾಗ ಆತನ ಮೂಳೆಗಳು ಕೈ ತಾಗಿದರೆ ಮುರಿಯುವಷ್ಟು ಮೆದುವಾಗಿದ್ದವು. ಇಂದು ಮಲ್ಟಿಪಲ್ ಮೈಲೋಮ ಎಂದು ಕರೆಯುವ ಮೂಳೆಮಜ್ಜೆಯ ಕ್ಯಾನ್ಸರ್ ಅದಾಗಿತ್ತು. ಮೂತ್ರದಲ್ಲಿದ್ದ ಆ ವಿಚಿತ್ರ ವಸ್ತುವಿಗೆ ಬೆನ್ಸ್ ಜೋನ್ಸ್ ಪ್ರೋಟೀನು ಎಂಬ ಹೆಸರೇ ನಿಂತಿತು. ಅದರ ನಿಜಸ್ವರೂಪ ತಿಳಿಯಲು 1962ರವರೆಗೆ, ಎಂದರೆ 117 ವರ್ಷ ಕಾಯಬೇಕಾಯಿತು.

ಕ್ಯಾನ್ಸರ್ ಗಡ್ಡೆ ತನ್ನ ಗುಟ್ಟನ್ನು ತಾನೇ ಬಿಟ್ಟುಕೊಡುತ್ತದೆ, ದೇಹದ ರಸಗಳಲ್ಲಿ ಒಂದು ಪ್ರೋಟೀನನ್ನು ಸಾಕ್ಷಿಯಾಗಿ ಬಿಟ್ಟಿರುತ್ತದೆ, ಹುಡುಕಿದರೆ ಸಾಕು ಎಂಬ ಆಸೆ ಹುಟ್ಟಿದ್ದು ಅಲ್ಲಿಂದ. ಇಂಥ ಸಾಕ್ಷಿಗಳನ್ನು ವೈದ್ಯರು ಮಾರ್ಕರ್ ಎನ್ನುತ್ತಾರೆ. ಕನ್ನಡದಲ್ಲಿ ಸೂಚಕ ಎನ್ನಬಹುದು. ಕ್ಯಾನ್ಸರ್ ಬಗೆಗಳಿಗೆಲ್ಲ ಸೂಚಕವನ್ನು ಹುಡುಕುವ ಕೆಲಸ ಅಂದಿನಿಂದ ನಡೆದೇ ಇದೆ. ಆದರೆ ಬಾಯಿ ಕ್ಯಾನ್ಸರಿನ ಮಟ್ಟಿಗೆ ಈ ಹುಡುಕಾಟದ ಕಥೆಯೇ ಬೇರೆ. ಮೂಳೆಮಜ್ಜೆಯಂತೆ, ಕರುಳಿನಂತೆ ಬಾಯಿ ಒಳಗೆ ಅಡಗಿ ಕೂತ ಅಂಗವಲ್ಲ. ಬಾಯಿ ತೆರೆದರೆ ಕಾಣುತ್ತದೆ. ಕನ್ನಡಿ ಹಿಡಿದರೆ ರೋಗಿಗೇ ಕಾಣುತ್ತದೆ.

ಕಂಡರೂ ಹೇಳದವರು

ಕಂಡರೆ ಸಾಲದು ಎಂಬುದಕ್ಕೆ ಮನೋವಿಜ್ಞಾನಿ ಸಿಗ್ಮಂಡ್ ಫ್ರಾಯ್ಡ್ ಅವರಿಗಿಂತ ದೊಡ್ಡ ಉದಾಹರಣೆ ಬೇಡ. ಅವರು ಸ್ವತಃ ವೈದ್ಯರು. ಸದಾ ಚುಟ್ಟಾ ಸೇದುತ್ತಿದ್ದವರು. 1923ರ ಫೆಬ್ರುವರಿಯಲ್ಲಿ ಬಾಯೊಳಗೆ ಬೆಳವಣಿಗೆಯೊಂದನ್ನು ಅವರೇ ಗುರುತಿಸಿದರು. ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ಏಪ್ರಿಲ್‌ನಲ್ಲಿ ಮೊದಲ ಶಸ್ತ್ರಚಿಕಿತ್ಸೆಯಾಯಿತು. ಆಗ ಅವರ ಸುತ್ತಲಿನ ವೈದ್ಯರು ಅದು ಕ್ಯಾನ್ಸರ್ ಎಂಬ ಸತ್ಯವನ್ನು ಅವರಿಂದ ಮುಚ್ಚಿಟ್ಟರು! ಮುಂದಿನ 16 ವರ್ಷಗಳಲ್ಲಿ 30ಕ್ಕೂ ಹೆಚ್ಚು ಬಾರಿ ಅವರ ಬಾಯಿಗೆ ಕತ್ತರಿ ಬಿತ್ತು. ಮೇಲ್ದವಡೆಯ ಭಾಗ ಹೋದ ಜಾಗಕ್ಕೆ ಕೃತಕ ಅಂಗುಳ ಬಂತು. 1939ರ ಸೆಪ್ಟೆಂಬರ್ 23ರಂದು ಲಂಡನ್ನಿನಲ್ಲಿ ತೀರಿಕೊಂಡರು. ಚುಟ್ಟಾ ಬಿಡುವುದು ಮಾತ್ರ ಅವರಿಂದ ಆಗಲಿಲ್ಲ.

ಯೂರೋಪಿನಲ್ಲಿ ಚುಟ್ಟಾ, ಪೈಪುಗಳು ಮಾಡಿದ ಕೆಲಸವನ್ನು ನಮ್ಮಲ್ಲಿ ಎಲೆ-ಅಡಿಕೆಯ ಜೊತೆ ಸೇರಿದ ಹೊಗೆಸೊಪ್ಪು ಮಾಡಿತು. ತಿರುವಾಂಕೂರಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡುತ್ತಿದ್ದ ಫೆಲ್ಸ್ ಮತ್ತು ಬೆಂಟಲ್ ಎಂಬ ವೈದ್ಯರು ಅಲ್ಲಿನ ಬಾಯಿ ಕ್ಯಾನ್ಸರ್ ಬಗ್ಗೆ 1908ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ಗೆ ಬರೆದಿದ್ದರು. 1933ರಲ್ಲಿ ಓರ್ ಎಂಬವರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಿರುವಾಂಕೂರಿನ ಎಲೆ-ಅಡಿಕೆ ಪ್ರಿಯರ ಬಾಯಿ ಕ್ಯಾನ್ಸರನ್ನು ವಿವರವಾಗಿ ಚರ್ಚಿಸಿದರು. ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ಆರಂಭವಾದ ಮೇಲೆ ಅಲ್ಲಿನ ರೋಗಶಾಸ್ತ್ರಜ್ಞ ವಸಂತ ರಾಮಜಿ ಖಾನೋಲ್ಕರ್ ಈ ವಿಷಯವನ್ನು ಕೈಗೆತ್ತಿಕೊಂಡರು. ಅವರು ಸಾಂಘ್ವಿ ಹಾಗೂ ರಾವ್ ಅವರೊಂದಿಗೆ 1955ರಲ್ಲಿ ಪ್ರಕಟಿಸಿದ ಅಧ್ಯಯನ ಹೊಗೆಸೊಪ್ಪು ಜಗಿಯುವುದಕ್ಕೂ ಸೇದುವುದಕ್ಕೂ ಬಾಯಿ-ಗಂಟಲಿನ ಕ್ಯಾನ್ಸರಿಗೂ ಇರುವ ನಂಟನ್ನು ಅಂಕಿ-ಅಂಶಗಳ ಮೇಲೆ ನಿಲ್ಲಿಸಿತು.

ಹೊಗೆಸೊಪ್ಪಿನ ಮೇಲೆ ಆರೋಪ ಹೊರಿಸಿ ಅಡಿಕೆಯನ್ನು ಪಾರುಮಾಡುವ ವಾದ ಬಹುಕಾಲ ನಡೆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ಹೊಗೆಸೊಪ್ಪು ಸೇರಿದ ಎಲೆ-ಅಡಿಕೆಯನ್ನು ಕ್ಯಾನ್ಸರ್‌ಕಾರಕ ಎಂದಿತ್ತು. 2003ರಲ್ಲಿ ತಜ್ಞರು ಮತ್ತೆ ಸೇರಿ ಹೊಗೆಸೊಪ್ಪಿಲ್ಲದ ಎಲೆ-ಅಡಿಕೆಯನ್ನೂ ಬರಿಯ ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿದರು. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ಕರ್ನಾಟಕಕ್ಕೆ ಇದು ಹಿಡಿಸುವ ಮಾತಲ್ಲ. ಮಲೆನಾಡಿನ ಮನೆಗೆ ಬಂದ ನೆಂಟರಿಗೆ ಕವಳದ ತಟ್ಟೆ ಮುಂದಿಡದಿದ್ದರೆ ಉಪಚಾರವೇ ಪೂರ್ತಿಯಾಗದು. ಮದುವೆಗೂ ತಾಂಬೂಲ ಬೇಕು, ತಿಥಿಗೂ ಬೇಕು. ತಟ್ಟೆಯಲ್ಲಿದ್ದುದು ಪೊಟ್ಟಣಕ್ಕೆ ಬಂದು ಗುಟ್ಕಾ ಆಗಿ ಶಾಲೆಯ ಮಕ್ಕಳ ಜೇಬು ಸೇರಿದ್ದು ಇತ್ತೀಚಿನ ದಶಕಗಳ ಕಥೆ. ರಾಜ್ಯ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿತು. ಅಡಿಕೆ ಮತ್ತು ಹೊಗೆಸೊಪ್ಪು ಬೇರೆ ಬೇರೆ ಪೊಟ್ಟಣಗಳಾಗಿ ಅಕ್ಕಪಕ್ಕ ತೂಗತೊಡಗಿದವು.

2022ರ ಜಾಗತಿಕ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದೇ ವರ್ಷ ತುಟಿ ಮತ್ತು ಬಾಯಿಯ ಕ್ಯಾನ್ಸರ್ ತಗುಲಿದವರು ಸುಮಾರು 1.4 ಲಕ್ಷ ಮಂದಿ. ಇದು ಇಡೀ ಜಗತ್ತಿನ ಲೆಕ್ಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಪಾಶ್ಚಾತ್ಯರಲ್ಲಿ ನಾಲಿಗೆಯ ಕ್ಯಾನ್ಸರ್ ಹೆಚ್ಚಾದರೆ ನಮ್ಮಲ್ಲಿ ಕೆನ್ನೆಯ ಒಳಭಾಗ ಮತ್ತು ಒಸಡು ಕೂಡುವ ಸಂದಿಯದು ಹೆಚ್ಚು. ಕವಳ ಒತ್ತಿಡುವ ಜಾಗವೇ ಅದು.

ಕಾಣುವ ರೋಗಕ್ಕೆ ಸೂಚಕ ಏಕೆ ಬೇಕು ಎಂಬ ಪ್ರಶ್ನೆ ಸಹಜ. ಬಾಯಲ್ಲಿ ಬಿಳಿ ಮಚ್ಚೆ ಇರುವ ಎಲ್ಲರಿಗೂ ಕ್ಯಾನ್ಸರ್ ಬರುವುದಿಲ್ಲ. ಕೆಲವರಿಗೆ ಮಾತ್ರ ಬರುತ್ತದೆ. ಆ ಕೆಲವರು ಯಾರು? ಗಡ್ಡೆಯನ್ನು ಕತ್ತರಿಸಿ ತೆಗೆದ ಮೇಲೆ ಅಂಚಿನಲ್ಲಿ ನಾಲ್ಕು ಜೀವಕೋಶ ಉಳಿದಿದ್ದರೆ ಅದು ಮರುಕಳಿಸುತ್ತದೆ. ಉಳಿದಿವೆಯೇ? ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ಹರಡಿದೆಯೇ? ಯಾವ ಔಷಧ ಯಾರಿಗೆ ಒಗ್ಗುತ್ತದೆ? ಇವನ್ನು ಬರಿಗಣ್ಣು ಹೇಳಲಾರದು. ಪ್ರೋಟೀನು ಹೇಳೀತೇ ಎಂಬುದು ವಿಜ್ಞಾನಿಗಳ ನಿರೀಕ್ಷೆ.

ರಕ್ತದಲ್ಲಿ ಶೋಧ

ಮೊದಲು ಹುಡುಕಿದ್ದು ರಕ್ತದಲ್ಲಿ. 1963ರಲ್ಲಿ ಮಾಸ್ಕೋದ ಗ್ಯಾರಿ ಅಬೆಲೆವ್ ಯಕೃತ್ತಿನ ಕ್ಯಾನ್ಸರ್ ಇದ್ದ ಇಲಿಗಳ ರಕ್ತದಲ್ಲಿ ಭ್ರೂಣದಲ್ಲಿ ಮಾತ್ರ ಇರಬೇಕಾದ ಪ್ರೋಟೀನೊಂದನ್ನು ಕಂಡರು. 1965ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಒಂದು ಉಪಾಯ ಹೂಡಿದರು. ಒಬ್ಬನೇ ರೋಗಿಯ ಕರುಳಿನಿಂದ ಕ್ಯಾನ್ಸರ್ ತುಣುಕನ್ನೂ ಪಕ್ಕದ ಆರೋಗ್ಯವಂತ ತುಣುಕನ್ನೂ ತೆಗೆದುಕೊಂಡು, ಮೊದಲನೆಯದರಲ್ಲಿದ್ದು ಎರಡನೆಯದರಲ್ಲಿ ಇಲ್ಲದ ವಸ್ತು ಯಾವುದೆಂದು ಸೋಸಿ ನೋಡಿದರು. ಸಿಕ್ಕಿದ್ದು ಸಿಇಎ ಎಂಬ ಪ್ರೋಟೀನು. ಅದೂ ಭ್ರೂಣದ ಕರುಳಿನಲ್ಲಿ ಇರುವಂಥದೇ. ಒಂದು ಹನಿ ರಕ್ತದಿಂದ ಕರುಳಿನ ಕ್ಯಾನ್ಸರ್ ಪತ್ತೆಯಾಗುತ್ತದೆ ಎಂದು ದೊಡ್ಡ ಸದ್ದಾಯಿತು. ಕೆಲವೇ ವರ್ಷಗಳಲ್ಲಿ ಗೊತ್ತಾಯಿತು: ಆರಂಭದ ಕ್ಯಾನ್ಸರ್ ಇದ್ದವರಲ್ಲಿ ಅದು ಏರದಿರಬಹುದು, ಕ್ಯಾನ್ಸರ್ ಇಲ್ಲದ ಬೀಡಿ-ಸಿಗರೇಟು ಸೇದುವವರಲ್ಲಿ ಏರಬಹುದು. ಇಂದು ಸಿಇಎ ಬಳಕೆಯಲ್ಲಿದೆ, ಆದರೆ ರೋಗ ಕಂಡುಹಿಡಿಯಲು ಅಲ್ಲ. ಚಿಕಿತ್ಸೆಯಾದ ಕರುಳಿನ ಕ್ಯಾನ್ಸರ್ ರೋಗಿಯ ಮೇಲೆ ಕಣ್ಣಿಡಲು.

ಬಾಯಿ ಕ್ಯಾನ್ಸರಿಗೆ ಹತ್ತಿರವಾದ ರಕ್ತಸೂಚಕ ಸಿಕ್ಕಿದ್ದು ಜಪಾನಿನಲ್ಲಿ, 1977ರಲ್ಲಿ. ಕ್ಯಾಟೊ ಮತ್ತು ಟೊರಿಗೊಯೆ ಗರ್ಭಕಂಠದ ಕ್ಯಾನ್ಸರಿನಿಂದ ಒಂದು ಪ್ರೋಟೀನನ್ನು ಬೇರ್ಪಡಿಸಿದರು. ಗರ್ಭಕಂಠದ ಹೊರಪದರಕ್ಕೂ ಬಾಯಿಯ ಒಳಪದರಕ್ಕೂ ಸಂಬಂಧವುಂಟು. ಎರಡರಲ್ಲೂ ಚಪ್ಪಟೆ ಜೀವಕೋಶಗಳು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕೂತಿರುತ್ತವೆ. ಇವುಗಳಿಂದ ಹುಟ್ಟುವ ಕ್ಯಾನ್ಸರಿಗೆ ಸ್ಕ್ವಾಮಸ್ ಸೆಲ್ ಕಾರ್ಸಿನೋಮ ಎಂದು ಹೆಸರು. ಬಾಯಿ ಕ್ಯಾನ್ಸರಿನ ಬಹುಪಾಲು ಇದೇ ಜಾತಿ. ಹಾಗಾಗಿ ಆ ಪ್ರೋಟೀನಿಗೆ ಎಸ್‌ಸಿಸಿ ಆಂಟಿಜೆನ್ ಎಂಬ ಹೆಸರಾಯಿತು.

ಬಾಯಿ ಕ್ಯಾನ್ಸರ್ ರೋಗಿಗಳ ರಕ್ತದಲ್ಲಿ ಅದನ್ನು ಅಳೆದು ನೋಡಿದರು. ಗಡ್ಡೆ ದೊಡ್ಡದಾದವರಲ್ಲಿ, ಕುತ್ತಿಗೆಗೆ ಹರಡಿದವರಲ್ಲಿ ಹಲವರಿಗೆ ಏರಿತ್ತು. ಚಿಕ್ಕ ಹುಣ್ಣು ಇರುವವರಲ್ಲಿ ಹೆಚ್ಚಾಗಿ ಏರಿರಲಿಲ್ಲ. ಯಾರಲ್ಲಿ ಬೇಗ ಗುರುತಿಸಬೇಕೋ ಅವರಲ್ಲೇ ಸುಮ್ಮನಿರುವ ಸಾಕ್ಷಿ! ಸಾಲದ್ದಕ್ಕೆ ಸೋರಿಯಾಸಿಸ್ ಎಂಬ ಚರ್ಮರೋಗದವರಲ್ಲೂ ಮೂತ್ರಪಿಂಡ ಕೆಟ್ಟವರಲ್ಲೂ ಅದು ಏರುತ್ತದೆ. ಮುಂದೆ ಅದರ ಜೀನುಗಳು ಸಿಕ್ಕಾಗ ಕಾರಣ ತಿಳಿಯಿತು. ಅದು ಕ್ಯಾನ್ಸರಿನ ಸ್ವಂತ ಸೊತ್ತಲ್ಲ. ಚಪ್ಪಟೆ ಜೀವಕೋಶಗಳು ಸಹಜವಾಗಿಯೇ ತಯಾರಿಸುವ, ಇತರ ಪ್ರೋಟೀನುಗಳನ್ನು ಕತ್ತರಿಸುವ ಕಿಣ್ವಗಳನ್ನು ತಡೆಯುವ ವಸ್ತು.

53 ಎಂಬ ತಪ್ಪು ತೂಕ

ರಕ್ತದಲ್ಲಿ ಕೈಸೋತವರು ಗಡ್ಡೆಯ ತುಣುಕಿನ ಕಡೆಗೇ ತಿರುಗಿದರು. ಬಯಾಪ್ಸಿಗೆಂದು ತೆಗೆದ ತುಣುಕನ್ನು ಮೇಣದಲ್ಲಿ ಹುದುಗಿಸಿ, ಕೂದಲೆಳೆಗಿಂತ ತೆಳ್ಳಗೆ ಸೀಳಿ, ಗಾಜಿನ ಮೇಲಿಟ್ಟು, ಒಂದೇ ಒಂದು ಪ್ರೋಟೀನಿಗೆ ಮಾತ್ರ ಅಂಟುವ ಪ್ರತಿಕಾಯವನ್ನು ಅದರ ಮೇಲೆ ಬಿಡುತ್ತಾರೆ. ಅಂಟಿದ ಕಡೆ ಕಂದು ಬಣ್ಣ ಮೂಡುವಂತೆ ಮಾಡುತ್ತಾರೆ. 1975ರಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ದಾರಿ ತೋರಿಸಿದ ಮೇಲೆ ಈ ವಿಧಾನ ಆಸ್ಪತ್ರೆಗಳಿಗೆ ಇಳಿಯಿತು. ಅವರಿಗೆ 1984ರಲ್ಲಿ ನೊಬೆಲ್ ಬಂತು.

ಹೀಗೆ ಬಣ್ಣ ಹಚ್ಚಿ ನೋಡಿದ ಪ್ರೋಟೀನುಗಳಲ್ಲಿ ಪಿ53ರಷ್ಟು ಸುದ್ದಿ ಮಾಡಿದ್ದು ಬೇರಿಲ್ಲ. 1979ರಲ್ಲಿ ಲಂಡನ್ನಿನ ಡೇವಿಡ್ ಲೇನ್ ಮತ್ತು ಲಯನೆಲ್ ಕ್ರಾಫರ್ಡ್, ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಆರ್ನಾಲ್ಡ್ ಲೆವಿನ್ ಮತ್ತು ಅವರ ಸಹೋದ್ಯೋಗಿ, ಗಡ್ಡೆ ಹುಟ್ಟಿಸುವ ವೈರಸ್ಸೊಂದರ ಪ್ರೋಟೀನಿಗೆ ಅಂಟಿಕೊಂಡಿದ್ದ ಮತ್ತೊಂದು ಪ್ರೋಟೀನನ್ನು ಬೇರೆ ಬೇರೆಯಾಗಿ ಕಂಡರು. ಅದರ ತೂಕ 53 ಸಾವಿರ ಡಾಲ್ಟನ್ ಎಂದು ಲೆಕ್ಕ ಸಿಕ್ಕಿತು. ಅದಕ್ಕೇ ಆ ಹೆಸರು. ನಿಜವಾದ ತೂಕ 44 ಸಾವಿರಕ್ಕೂ ಕಡಿಮೆ ಎಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಹೆಸರು ಊರೆಲ್ಲ ಹಬ್ಬಿತ್ತು.

ತೂಕಕ್ಕಿಂತ ದೊಡ್ಡ ತಪ್ಪು ಗುಣದ ವಿಷಯದಲ್ಲಾಯಿತು. ಹತ್ತು ವರ್ಷಗಳ ಕಾಲ ಪಿ53 ಕ್ಯಾನ್ಸರ್ ಹುಟ್ಟಿಸುವ ಖಳನಾಯಕ ಎಂದೇ ಭಾವಿಸಲಾಗಿತ್ತು. 1989ರಲ್ಲಿ ಬಾಲ್ಟಿಮೋರಿನ ಬರ್ಟ್ ವೋಗೆಲ್‌ಸ್ಟೈನ್ ತಂಡ ಮತ್ತು ಲೆವಿನ್ ತಂಡ ಕಥೆಯನ್ನು ತಿರುಗಿಸಿದವು. ಪ್ರಯೋಗಶಾಲೆಗಳಲ್ಲಿ ಅದುವರೆಗೆ ಬಳಸುತ್ತಿದ್ದುದು ಕೆಟ್ಟುಹೋದ ಪಿ53. ಸರಿಯಾದ ಪಿ53 ಕಾವಲುಗಾರ. ಜೀವಕೋಶದ ಡಿಎನ್‌ಎ ಹಾಳಾದರೆ ವಿಭಜನೆ ನಿಲ್ಲಿಸುತ್ತದೆ, ರಿಪೇರಿ ಆಗದಿದ್ದರೆ ಕೋಶವೇ ಸಾಯುವಂತೆ ಮಾಡುತ್ತದೆ. ಕಾವಲುಗಾರ ಕೆಟ್ಟಾಗಲೇ ಕ್ಯಾನ್ಸರಿಗೆ ದಾರಿ. 1993ರಲ್ಲಿ ಅಮೆರಿಕದ ‘ಸೈನ್ಸ್’ ಪತ್ರಿಕೆ ಇದನ್ನು ವರ್ಷದ ಅಣು ಎಂದು ಸಾರಿತು.

ಹೊಗೆಸೊಪ್ಪಿನಿಂದ ಬರುವ ಬಾಯಿ ಕ್ಯಾನ್ಸರಿನ ಬಹುಪಾಲು ಗಡ್ಡೆಗಳಲ್ಲಿ ಈ ಜೀನು ಕೆಟ್ಟಿರುತ್ತದೆ. ಒಳ್ಳೆಯ ಪಿ53 ಹುಟ್ಟಿದ ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಕೆಟ್ಟದ್ದು ಕರಗದೆ ಕೋಶದಲ್ಲಿ ರಾಶಿ ಬೀಳುತ್ತದೆ. ಆದ್ದರಿಂದ ಬಣ್ಣ ಹಚ್ಚಿದಾಗ ಕೋಶಕೇಂದ್ರ ಕಂದಾದರೆ ಅಲ್ಲಿ ಏನೋ ಎಡವಟ್ಟಾಗಿದೆ ಎಂದರ್ಥ. ಇಷ್ಟೇ ಆಗಿದ್ದರೆ ಬಹಳ ಸುಲಭವಿತ್ತು. ಕೆಲವು ಗಡ್ಡೆಗಳಲ್ಲಿ ಜೀನು ಎಷ್ಟು ಹಾಳಾಗಿರುತ್ತದೆಂದರೆ ಪ್ರೋಟೀನೇ ತಯಾರಾಗುವುದಿಲ್ಲ. ಅಲ್ಲಿ ಕಂದು ಬಣ್ಣ ಸ್ವಲ್ಪವೂ ಮೂಡದು. ಎಂದರೆ ತೀರಾ ಹೆಚ್ಚು ಇದ್ದರೂ ಕೇಡು, ಪೂರ್ತಿ ಇಲ್ಲದಿದ್ದರೂ ಕೇಡು. ಒಂದು ಪ್ರಯೋಗಶಾಲೆ ‘ಇದೆ’ ಎಂದದ್ದನ್ನು ಇನ್ನೊಂದು ‘ಇಲ್ಲ’ ಎಂದ ಪ್ರಸಂಗಗಳಿಗೆ ಕೊರತೆಯಿಲ್ಲ. ಒಬ್ಬ ರೋಗಿ ಬದುಕಿ ಉಳಿಯುತ್ತಾನೋ ಇಲ್ಲವೋ ಎಂಬುದನ್ನು ಈ ಬಣ್ಣ ಒಂದರಿಂದಲೇ ಹೇಳಲಾಗದು ಎಂಬುದು ಕಡೆಗೆ ತಿಳಿದ ಸತ್ಯ.

ಪಿ53 ಬೇರೊಂದು ರೀತಿಯಲ್ಲಿ ಬೆಳಕು ಚೆಲ್ಲಿತು. 1953ರಲ್ಲಿ ಅಮೆರಿಕದ ಸ್ಲಾಟರ್ ಮತ್ತು ಸಂಗಡಿಗರು 783 ರೋಗಿಗಳ ಗಡ್ಡೆಗಳನ್ನು ಪರೀಕ್ಷಿಸಿ, ಕ್ಯಾನ್ಸರ್ ಒಂದು ಬಿಂದುವಿನಲ್ಲಿ ಹುಟ್ಟಿದರೂ ಸುತ್ತಲಿನ ಜಾಗವೂ ಆಗಲೇ ಕೆಟ್ಟಿರುತ್ತದೆ ಎಂದಿದ್ದರು. ಒಂದು ಮೂಲೆಯಲ್ಲಿ ಕಳೆ ಎದ್ದ ಹೊಲದಲ್ಲಿ ಉಳಿದೆಡೆಯೂ ಬೀಜ ಬಿದ್ದಿರುವಂತೆ. ಇದನ್ನು ನೇರವಾಗಿ ತೋರಿಸಿದ್ದು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ತಂಡ, 1995ರಲ್ಲಿ. ತಲೆ-ಕತ್ತಿನ ಕ್ಯಾನ್ಸರಿನ 25 ರೋಗಿಗಳ ಶಸ್ತ್ರಚಿಕಿತ್ಸೆಯ ಅಂಚುಗಳು ಸೂಕ್ಷ್ಮದರ್ಶಕದಲ್ಲಿ ಶುದ್ಧವಾಗಿದ್ದವು. ಪಿ53 ಜೀನಿನ ವಿಕೃತಿಯನ್ನು ಹುಡುಕಿದಾಗ 13 ಮಂದಿಯ ಅಂಚಿನಲ್ಲಿ ಅದು ಸಿಕ್ಕಿತು. ಆ 13 ಜನರಲ್ಲಿ 5 ಮಂದಿಗೆ ಅದೇ ಜಾಗದಲ್ಲಿ ರೋಗ ಮರುಕಳಿಸಿತು. ಉಳಿದ 12 ಜನರಲ್ಲಿ ಒಬ್ಬರಿಗೂ ಮರುಕಳಿಸಲಿಲ್ಲ.

ಓಸ್ಲೋದ ಹಗರಣ

ಬಿಳಿ ಮಚ್ಚೆಗಳ ಪ್ರಶ್ನೆ ಹಾಗೇ ಉಳಿದಿತ್ತು. ಯಾವ ಮಚ್ಚೆ ಕ್ಯಾನ್ಸರ್ ಆಗುತ್ತದೆ, ಯಾವುದು ಆಗುವುದಿಲ್ಲ? 2001ರಲ್ಲಿ ನಾರ್ವೆಯ ಯೋನ್ ಸೂಡ್‌ಬೊ ಎಂಬ ಸಂಶೋಧಕ ಉತ್ತರ ಸಿಕ್ಕಿದೆ ಎಂದರು. ಅವರು ನೋಡಿದ್ದು ಪ್ರೋಟೀನನ್ನಲ್ಲ, ಮಚ್ಚೆಯ ಕೋಶಗಳಲ್ಲಿರುವ ಡಿಎನ್‌ಎ ಪ್ರಮಾಣವನ್ನು. ಪ್ರಮಾಣ ಅಸಹಜವಾಗಿದ್ದವರಲ್ಲಿ ಶೇ 84 ಮಂದಿಗೆ ಕ್ಯಾನ್ಸರ್ ಬಂತು, ಸಹಜವಾಗಿದ್ದವರಲ್ಲಿ ಶೇ 3 ಮಂದಿಗೆ ಮಾತ್ರ ಎಂಬುದು ಅವರ ಲೆಕ್ಕ. ಇಷ್ಟು ಸ್ಪಷ್ಟವಾದ ಸೂಚಕವನ್ನು ಬಾಯಿ ಕ್ಯಾನ್ಸರ್ ಕ್ಷೇತ್ರ ಅದುವರೆಗೆ ಕಂಡಿರಲಿಲ್ಲ. ಅಮೆರಿಕದ ಅತ್ಯಂತ ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆಯಲ್ಲಿ ಅದು ಅಚ್ಚಾಯಿತು.

2005ರ ಅಕ್ಟೋಬರಿನಲ್ಲಿ ಅವರು ಲ್ಯಾನ್ಸೆಟ್‌ನಲ್ಲಿ 908 ಜನರ ಇನ್ನೊಂದು ಅಧ್ಯಯನ ಪ್ರಕಟಿಸಿದರು. ನೋವು ನಿವಾರಕ ಮಾತ್ರೆಗಳು ಬಾಯಿ ಕ್ಯಾನ್ಸರ್ ತಡೆಯುತ್ತವೆ ಎಂದು ಅದರ ಸಾರಾಂಶ. ಆ ಕ್ರಿಸ್‌ಮಸ್ ರಜೆಯಲ್ಲಿ ನಾರ್ವೆಯ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಕಮಿಲ್ಲಾ ಸ್ಟೋಲ್ಟೆನ್‌ಬರ್ಗ್ ಅದನ್ನು ಓದುತ್ತ ಬೆಚ್ಚಿಬಿದ್ದರು. ಸೂಡ್‌ಬೊ ಬಳಸಿದ್ದಾಗಿ ಹೇಳಿಕೊಂಡ ಮಾಹಿತಿ ಭಂಡಾರ ಆ ಹೊತ್ತಿಗೆ ಸಂಶೋಧಕರಿಗೆ ತೆರೆದೇ ಇರಲಿಲ್ಲ! ತನಿಖೆಯಾಯಿತು. 908 ಜನರೂ ಕಾಲ್ಪನಿಕ. ಅವರಲ್ಲಿ 250 ಮಂದಿಗೆ ಒಂದೇ ಜನ್ಮದಿನಾಂಕ ಹಾಕಲಾಗಿತ್ತು. 2006ರ ಜನವರಿಯಲ್ಲಿ ಸೂಡ್‌ಬೊ ತಪ್ಪೊಪ್ಪಿಕೊಂಡರು. ಹಿಂದಿನ ಲೇಖನಗಳನ್ನು ಕೆದಕಿದಾಗ ಬಿಳಿ ಮಚ್ಚೆಯ ಅಧ್ಯಯನವೂ ಉಳಿಯಲಿಲ್ಲ; ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು. ಆ ಐದು ವರ್ಷ ಆ ಲೇಖನವನ್ನು ನಂಬಿ ಎಷ್ಟೋ ತಂಡಗಳು ತಮ್ಮ ಕೆಲಸವನ್ನು ಅದರ ಮೇಲೆ ಕಟ್ಟಿದ್ದವು. ಯಾವ ಮಚ್ಚೆ ಕೆಡುತ್ತದೆ ಎಂದು ಖಚಿತವಾಗಿ ಹೇಳುವ ಸೂಚಕ ಇಂದಿಗೂ ದಿನಬಳಕೆಗೆ ಬಂದಿಲ್ಲ. ಬಯಾಪ್ಸಿಯ ತುಣುಕಿನಲ್ಲಿ ಜೀವಕೋಶಗಳು ಎಷ್ಟು ಅಂಕೆ ತಪ್ಪಿವೆ ಎಂದು ಪೆಥಾಲಜಿಸ್ಟ್ ಕಣ್ಣಳತೆಯಲ್ಲಿ ಹೇಳುವ ಮಾತೇ ಈಗಲೂ ಆಧಾರ.

ಇಲಿಮರಿಯ ಕಣ್ಣಿನಿಂದ ಬೆಂಗಳೂರಿಗೆ

ರೋಗ ಪತ್ತೆಗೆ ಒದಗದ ಪ್ರೋಟೀನುಗಳು ಚಿಕಿತ್ಸೆಯ ವಿಷಯದಲ್ಲಿ ಸ್ವಲ್ಪ ಭಾಗ್ಯ ತಂದವು. ಅಮೆರಿಕದ ಸ್ಟಾನ್ಲಿ ಕೋಹೆನ್ ಇಲಿಯ ಜೊಲ್ಲುಗ್ರಂಥಿಯ ರಸವನ್ನು ನವಜಾತ ಇಲಿಮರಿಗಳಿಗೆ ಚುಚ್ಚಿದಾಗ ಅವು ಎಂದಿಗಿಂತ ಬೇಗ ಕಣ್ಣು ತೆರೆದವು, ಹಲ್ಲುಗಳೂ ಬೇಗ ಮೂಡಿದವು. ಆ ರಸದಲ್ಲಿದ್ದ ಬೆಳವಣಿಗೆಯ ಅಂಶದ ಬಗ್ಗೆ ಅವರು 1962ರಲ್ಲಿ ಬರೆದರು. ಅದನ್ನು ಹಿಡಿದುಕೊಳ್ಳಲು ಜೀವಕೋಶದ ಮೈಮೇಲಿರುವ ಪ್ರೋಟೀನೇ ಇಜಿಎಫ್‌ಆರ್. ಕೋಹೆನ್ 1986ರಲ್ಲಿ ನೊಬೆಲ್ ಹಂಚಿಕೊಂಡರು. ಬಾಯಿ-ಗಂಟಲಿನ ಕ್ಯಾನ್ಸರ್ ಗಡ್ಡೆಗಳಲ್ಲಿ ಶೇ 80ಕ್ಕೂ ಹೆಚ್ಚಿನವು ಈ ಪ್ರೋಟೀನನ್ನು ಮಿತಿಮೀರಿ ಹೊತ್ತಿರುತ್ತವೆ. ಅತಿಯಾಗಿ ಹೊತ್ತವರ ರೋಗ ಹೆಚ್ಚು ಉಗ್ರ ಎಂದು 1990ರ ದಶಕದ ಅಧ್ಯಯನಗಳು ತೋರಿಸಿದವು.

ಅದಕ್ಕೆ ಅಡ್ಡಗಟ್ಟುವ ಸೆಟಕ್ಸಿಮಾಬ್ ಎಂಬ ಪ್ರತಿಕಾಯ ಔಷಧಕ್ಕೆ 2006ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಬೆಂಗಳೂರಿನ ಬಯೋಕಾನ್ ಕಂಪನಿ, ಕ್ಯೂಬಾದ ಹವಾನಾದಲ್ಲಿ ರೂಪುಗೊಂಡ ನಿಮೊಟುಜುಮಾಬ್ ಎಂಬ ಇಂಥದೇ ಔಷಧವನ್ನು ಭಾರತದ ಮಾರುಕಟ್ಟೆಗೆ ತಂದಿತು. 2019ರಲ್ಲಿ ಪ್ರಕಟವಾದ, ಟಾಟಾ ಸ್ಮಾರಕ ಆಸ್ಪತ್ರೆಯ 536 ರೋಗಿಗಳ ಅಧ್ಯಯನದಲ್ಲಿ ವಿಕಿರಣ ಮತ್ತು ಸಿಸ್‌ಪ್ಲಾಟಿನ್ ಜೊತೆಗೆ ಇದನ್ನು ಕೊಟ್ಟವರಲ್ಲಿ ತಲೆ-ಕತ್ತಿನ ಕ್ಯಾನ್ಸರ್ ಹೆಚ್ಚು ಕಾಲ ಹತೋಟಿಯಲ್ಲಿತ್ತು. ಒಂದು ಚೋದ್ಯ ಮಾತ್ರ ಉಳಿಯಿತು. ಇಜಿಎಫ್‌ಆರ್ ಹೆಚ್ಚಿದ್ದವರಿಗೇ ಸೆಟಕ್ಸಿಮಾಬ್ ಚೆನ್ನಾಗಿ ಹತ್ತಬೇಕಿತ್ತು. ಹಾಗೆ ಆಗಲಿಲ್ಲ. ಬೀಗ ಕಾಣುತ್ತದೆ, ಕೀಲಿಯೂ ಇದೆ, ಬಾಗಿಲು ತೆರೆಯುವುದು ಬೇರೇನನ್ನೋ ಅವಲಂಬಿಸಿದೆ.

ಪಿ16 ಎಂಬ ಪ್ರೋಟೀನಿನ ಬಗ್ಗೆಯೂ ಕೆಲವು ರೋಗಿಗಳ ಮನೆಯವರು ವರದಿಯಲ್ಲಿ ಓದಿ ಗಾಬರಿಗೊಳ್ಳುವುದುಂಟು. ಪ್ಯಾಪಿಲೋಮ ವೈರಸ್ ಹೊಕ್ಕ ಕೋಶಗಳಲ್ಲಿ ಇದು ಹೆಚ್ಚುತ್ತದೆ. ನಾಲಿಗೆಯ ಬುಡ, ಟಾನ್ಸಿಲ್ ಮುಂತಾದ ಗಂಟಲಿನ ಭಾಗದ ಕ್ಯಾನ್ಸರಿನಲ್ಲಿ ಪಿ16 ಇದ್ದರೆ ಗುಣವಾಗುವ ಸಂಭವ ಹೆಚ್ಚು. 2017ರಲ್ಲಿ ಬಂದ ಹೊಸ ವರ್ಗೀಕರಣದಲ್ಲಿ ಅಂಥ ರೋಗಿಗಳಿಗೆ ಪ್ರತ್ಯೇಕ ಹಂತಗಳೇ ಇವೆ. ಕೆನ್ನೆ-ಒಸಡಿನ ಕ್ಯಾನ್ಸರಿಗೆ ಈ ಮಾತು ಅನ್ವಯಿಸುವುದಿಲ್ಲ.

ಬಾಯಿ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇಂದು ನಿಜವಾಗಿ ಲೆಕ್ಕಕ್ಕೆ ಬರುವ ಪ್ರೋಟೀನು ಪಿಡಿ-ಎಲ್1. ದೇಹದ ರಕ್ಷಕ ಕೋಶಗಳು ತಪಾಸಣೆಗೆ ಬಂದಾಗ ಗಡ್ಡೆ ಈ ಪ್ರೋಟೀನನ್ನು ಸುಳ್ಳು ಪರವಾನಗಿ ಚೀಟಿಯಂತೆ ತೋರಿಸಿ ಪಾರಾಗುತ್ತದೆ. ಚೀಟಿ ಓದುವ ರಕ್ಷಕ ಕೋಶದ ಕಣ್ಣು ಪಿಡಿ-1. ಅದನ್ನು 1992ರಲ್ಲಿ ಜಪಾನಿನ ತಸುಕು ಹೊಂಜೊ ತಂಡ ಗುರುತಿಸಿತು. 2018ರಲ್ಲಿ ಅವರಿಗೆ ನೊಬೆಲ್ ಸಂದಿತು. ಈ ಆಟವನ್ನು ಮುರಿಯುವ ಪೆಂಬ್ರೊಲಿಜುಮಾಬ್ ಔಷಧವನ್ನು ಮರುಕಳಿಸಿದ ತಲೆ-ಕತ್ತಿನ ಕ್ಯಾನ್ಸರಿಗೆ ಮೊದಲ ಚಿಕಿತ್ಸೆಯಾಗಿ 2019ರಿಂದ ಕೊಡಲಾಗುತ್ತಿದೆ. 2025ರ ಜೂನ್‌ನಲ್ಲಿ ಅಮೆರಿಕ ಇದನ್ನು ಶಸ್ತ್ರಚಿಕಿತ್ಸೆಗೆ ಮೊದಲು ಮತ್ತು ನಂತರ ಕೊಡಲೂ ಒಪ್ಪಿತು. ಯಾರಿಗೆ ಕೊಡಬೇಕೆಂಬುದನ್ನು ತುಣುಕಿನಲ್ಲಿ ಪಿಡಿ-ಎಲ್1 ಎಷ್ಟಿದೆ ಎಂದು ಎಣಿಸಿ ನಿರ್ಧರಿಸುತ್ತಾರೆ. ಪ್ರೋಟೀನು ನೋಡಿ ಔಷಧ ಬರೆಯುವ ಕಾಲ ಬಾಯಿ ಕ್ಯಾನ್ಸರಿಗೂ ಬಂದದ್ದು ಹೀಗೆ.

ಬೆಲೆ ಮಾತ್ರ ನಮ್ಮ ಜನರ ಕೈಗೆ ಎಟುಕುವಂಥದಲ್ಲ. ಮುಂಬಯಿಯ ಟಾಟಾ ವೈದ್ಯರು ಇದೇ ಗುಂಪಿನ ನಿವೊಲುಮಾಬ್ ಔಷಧವನ್ನು ವಾಡಿಕೆಯ ಪ್ರಮಾಣದ ಬದಲು 20 ಮಿಲಿಗ್ರಾಂ ಮಾತ್ರ, ಮೂರು ವಾರಕ್ಕೊಮ್ಮೆ, ಅಗ್ಗದ ಮಾತ್ರೆಗಳ ಜೊತೆ ಕೊಟ್ಟು ನೋಡಿದರು. 2022ರಲ್ಲಿ ಫಲಿತಾಂಶ ಬಂತು. ಒಂದು ವರ್ಷದ ನಂತರ ಬದುಕಿದ್ದವರ ಪ್ರಮಾಣ ಶೇ 16.3ರಿಂದ ಶೇ 43.4ಕ್ಕೆ ಏರಿತ್ತು. ಬಡ ರೋಗಿಗಳ ದೃಷ್ಟಿಯಿಂದ ನೋಡಿದರೆ, ಈ ಇಡೀ ಇತಿಹಾಸದಲ್ಲಿ ಇದಕ್ಕಿಂತ ಹೆಚ್ಚು ಮಹತ್ವದ ಅಂಕಿ ಸಿಗುವುದು ಕಷ್ಟ.

ಎಂಜಲು, ಅಡಿಪಟ್ಟಿ, ಬ್ಯಾಟರಿ

ಪತ್ತೆಯ ಆಸೆಯನ್ನು ವಿಜ್ಞಾನಿಗಳು ಬಿಟ್ಟಿಲ್ಲ. ಗಡ್ಡೆ ಬಾಯಲ್ಲಿದ್ದ ಮೇಲೆ ಸಾಕ್ಷಿ ಎಂಜಲಿನಲ್ಲೇ ಇರಬೇಕಲ್ಲವೇ? ಅಮೆರಿಕದ ಲಾಸ್ ಏಂಜಲೀಸ್‌ನ ಡೇವಿಡ್ ವಾಂಗ್ ತಂಡ 2008ರಲ್ಲಿ ಎಂಜಲಿನ ಐದು ಪ್ರೋಟೀನುಗಳನ್ನು ಒಟ್ಟಿಗೆ ನೋಡಿ, ಕ್ಯಾನ್ಸರ್ ಇದ್ದವರಲ್ಲಿ ಶೇ 90 ಮಂದಿಯನ್ನು ಸರಿಯಾಗಿ ಗುರುತಿಸಿತು. ಇಲ್ಲದವರಲ್ಲಿ ಶೇ 83 ಮಂದಿಗೆ ಇಲ್ಲವೆಂದೇ ಹೇಳಿತು. ತೈವಾನಿನ ತಂಡವೊಂದು 2016ರಲ್ಲಿ ನಾಲ್ಕು ಪ್ರೋಟೀನುಗಳ ಇನ್ನೊಂದು ಗುಂಪನ್ನು ಮುಂದಿಟ್ಟಿತು.

ಶೇ 90 ಎಂದರೆ ಕೇಳಲು ಚೆನ್ನ. ಲೆಕ್ಕ ಹಾಕಿದಾಗ ತೊಡಕು ಕಾಣುತ್ತದೆ. ಒಂದು ಊರಿನ 10,000 ಜನರಲ್ಲಿ 10 ಮಂದಿಗೆ ಬಾಯಿ ಕ್ಯಾನ್ಸರ್ ಇದೆ ಎಂದುಕೊಳ್ಳೋಣ. ಈ ಪರೀಕ್ಷೆ 9 ಮಂದಿಯನ್ನು ಹಿಡಿಯುತ್ತದೆ. ಉಳಿದ 9,990 ಆರೋಗ್ಯವಂತರಲ್ಲಿ ಶೇ 17 ಮಂದಿಗೆ, ಎಂದರೆ ಸುಮಾರು 1,700 ಜನರಿಗೆ, ಇಲ್ಲದ ಕ್ಯಾನ್ಸರ್ ಇದೆ ಎಂದು ಹೇಳುತ್ತದೆ. ಅಷ್ಟೂ ಜನರ ನಿದ್ದೆ ಕೆಡುತ್ತದೆ. ಅಷ್ಟೂ ಜನರ ಬಾಯಿಯನ್ನು ಕಡೆಗೆ ಒಬ್ಬ ವೈದ್ಯ ಬ್ಯಾಟರಿ ಹಿಡಿದು ನೋಡಲೇಬೇಕು. ಒಸಡಿನ ಕೀವು, ಹುಳುಕು ಹಲ್ಲು ಇದ್ದರೂ ಎಂಜಲಿನ ಹಲವು ಪ್ರೋಟೀನುಗಳು ಏರುತ್ತವೆ ಎಂಬುದು ಬೇರೆ ಮಾತು.

ಈ ನಡುವೆ ಒಂದು ಸಾಧಾರಣ ಅಳತೆ ಎಷ್ಟೋ ಪ್ರೋಟೀನುಗಳನ್ನು ಹಿಂದೆ ಹಾಕಿತು. ಗಡ್ಡೆ ಎಷ್ಟು ಮಿಲಿಮೀಟರು ಆಳಕ್ಕೆ ಇಳಿದಿದೆ ಎಂಬುದೇ ಅದು. ಕುತ್ತಿಗೆಯಲ್ಲಿ ಗಂಟು ಕಾಣದಿದ್ದರೂ ಮುಂಚೆಯೇ ಅಲ್ಲಿನ ದುಗ್ಧಗ್ರಂಥಿಗಳನ್ನು ತೆಗೆಯಬೇಕೇ, ಗಂಟು ಬರಲಿ ಎಂದು ಕಾಯಬೇಕೇ ಎಂಬ ಹಳೆಯ ವಿವಾದಕ್ಕೆ ಟಾಟಾ ಆಸ್ಪತ್ರೆಯ ಅನಿಲ್ ಡಿಕ್ರೂಜ್ ತಂಡ 2015ರಲ್ಲಿ ಉತ್ತರ ಕೊಟ್ಟಿತು. 500 ರೋಗಿಗಳಲ್ಲಿ ಮುಂಚೆಯೇ ತೆಗೆದವರಲ್ಲಿ ಮೂರು ವರ್ಷ ಬದುಕಿದವರು ಶೇ 80, ಕಾದವರಲ್ಲಿ ಶೇ 67.5. ಆಳ 3 ಮಿಲಿಮೀಟರು ದಾಟಿದವರಲ್ಲೇ ಲಾಭ ಎದ್ದು ಕಂಡಿತು. 2017ರ ವರ್ಗೀಕರಣದಲ್ಲಿ ಬಾಯಿ ಕ್ಯಾನ್ಸರಿನ ಹಂತ ನಿರ್ಧರಿಸಲು ಆಳವನ್ನೂ ಸೇರಿಸಲಾಯಿತು. ಇದಕ್ಕೆ ಬೇಕಾದದ್ದು ಸೂಕ್ಷ್ಮದರ್ಶಕ ಮತ್ತು ಒಂದು ಅಡಿಪಟ್ಟಿ.

ಪತ್ತೆಯ ವಿಷಯದಲ್ಲಿ ಇದುವರೆಗೆ ನಡೆದ ಅತಿ ದೊಡ್ಡ ಪ್ರಯೋಗವೂ ನೆರೆಯ ಕೇರಳದ್ದೇ. 1996ರಲ್ಲಿ ತಿರುವನಂತಪುರ ಜಿಲ್ಲೆಯ 13 ಪಂಚಾಯತಿಗಳನ್ನು ಎರಡು ಗುಂಪು ಮಾಡಿದರು. ಒಟ್ಟು ಸುಮಾರು 1.9 ಲಕ್ಷ ಜನ. ಒಂದು ಗುಂಪಿನ ಮನೆಗಳಿಗೆ ವೈದ್ಯರಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಹೋಗಿ, ಬೆಳಕು ಬಿಟ್ಟು ಬಾಯಿ ನೋಡಿದರು. ರಕ್ತವಿಲ್ಲ, ಎಂಜಲಿಲ್ಲ, ಪ್ರೋಟೀನಿಲ್ಲ. 2005ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಫಲಿತಾಂಶದಂತೆ, ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ 34ರಷ್ಟು ಕಡಿಮೆಯಾಗಿತ್ತು. ಯಾವ ಅಭ್ಯಾಸವೂ ಇಲ್ಲದವರನ್ನು ಸೇರಿಸಿ ನೋಡಿದಾಗ ಮಾತ್ರ ಲಾಭ ಖಚಿತವಾಗಲಿಲ್ಲ.

ಆ ವರದಿಯಲ್ಲಿ ಇನ್ನೊಂದು ಅಂಕಿ ಇದೆ. ಕಾರ್ಯಕರ್ತರು ಬಾಯಿ ನೋಡಿ ಅನುಮಾನವಿದೆ, ವೈದ್ಯರ ಬಳಿ ಹೋಗಿ ಎಂದು ಹೇಳಿದ್ದು 5,145 ಜನರಿಗೆ. ಹೋದವರು 3,218. ಉಳಿದ 1,927 ಮಂದಿ ಹೋಗಲಿಲ್ಲ.